ಅನಸಕ್ಕನ ಹೆಸರಿನಲ್ಲಿ ಎರಡು ದಿನ

ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರಲ್ಲಿ ಒಬ್ಬರಿಗೆ ಚಿತ್ರ ಬರೆಯಲು ಬಂದರೆ ಇನ್ನೊಬ್ಬರಿಗೆ ಪೆನ್ಸಿಲ್ ಚೂಪು ಮಾಡುವ ಕೆಲಸ ಗಂಟು ಬೀಳುತ್ತದೆ. ನಮ್ಮ ಮನೆಯಲ್ಲಿ ಆ ಎರಡನೆಯವನು ನಾನು. ಅಕ್ಕ ಅನಸೂಯಾ, ಎಲ್ಲರ ಬಾಯಲ್ಲಿ ಅನಸಕ್ಕ, ನೆಲ ಕಂಡರೆ ರಂಗೋಲಿ ಹಾಕುವಳು, ಗೋಡೆ ಕಂಡರೆ ಗಿಳಿ ಕೂರಿಸುವಳು. ನಾನು ಪಕ್ಕದಲ್ಲಿ ಕುಳಿತು ಬ್ಲೇಡಿನಿಂದ ಪೆನ್ಸಿಲ್ ಹೆರೆದು ಕೊಡುತ್ತಿದ್ದೆ. ಅದನ್ನೂ ಮೊನೆ ಮುರಿಯದಂತೆ ಹೆರೆಯಲು ಬರುತ್ತಿರಲಿಲ್ಲ. ನಾಲ್ಕನೆಯ ಇಯತ್ತೆಯಲ್ಲಿ ನಾನು ಬರೆದ ಆಕಳನ್ನು ನಮ್ಮ ಮಾಸ್ತರರು ಕೈಯಲ್ಲಿ ಹಿಡಿದು, ದೂರ ಇಟ್ಟು, ಹತ್ತಿರ ತಂದು, ಬಹಳ ಹೊತ್ತು ನೋಡಿದರು. ಅವರು ಒಳ್ಳೆಯ ಮನುಷ್ಯರು, ಯಾರ ಮನಸ್ಸನ್ನೂ ನೋಯಿಸುತ್ತಿರಲಿಲ್ಲ. ಕಡೆಗೆ, "ಬಾಗಲಾ ಚಲೋ ಬಂದೈತಿ. ಒಂದು ಚಿಲಕ ಹಾಕಿಬಿಡು" ಎಂದರು. ನಾನು ಸುಮ್ಮನೆ ಆಕಳಿಗೆ ಚಿಲಕ ಹಾಕಿದೆ. ಆವತ್ತೇ ನನಗೂ ಚಿತ್ರಕಲೆಗೂ ಲೇವಾದೇವಿ ಮುಗಿಯಿತು ಎಂದುಕೊಂಡಿದ್ದೆ.

ಹೀಗಿರುವಾಗ ನಾನು ನಕಲು ತೆಗೆಯುವ ಉದ್ಯೋಗಕ್ಕೆ ಬಂದದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಹಾವೇರಿಯ ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಝೆರಾಕ್ಸ್ ಅಂಗಡಿ. ಇಲ್ಲಿ ಕೈ ನೆಟ್ಟಗಿರಬೇಕೆಂಬ ಕಟ್ಟಳೆ ಇಲ್ಲ. ಗುಂಡಿ ಒತ್ತಿದರೆ ಇದ್ದದ್ದು ಇದ್ದ ಹಾಗೆ ಹೊರಗೆ ಬರುತ್ತದೆ. ಕಾಗದ ಸಿಕ್ಕಿಕೊಂಡು ಕಪ್ಪು ಮಸಿ ಮೆತ್ತಿ ಬಂದ ಹಾಳೆಗಳನ್ನು ಅಕ್ಕ ಮನೆಗೆ ಒಯ್ದು, ಅವುಗಳ ಹಿಂಬದಿಯಲ್ಲಿ ಚಿತ್ರ ಬರೆಯುತ್ತಿದ್ದಳು. ಯಾರದೋ ಹೊಲದ ಪಹಣಿಯ ಹಿಂದೆ ನವಿಲು, ಯಾರದೋ ಅಂಕಪಟ್ಟಿಯ ಹಿಂದೆ ಜೋಡೆತ್ತು, ಯಾರದೋ ಪಿಂಚಣಿ ಅರ್ಜಿಯ ಹಿಂದೆ ತೊಟ್ಟಿಲಲ್ಲಿ ನಗುವ ಕೂಸು. ಲಗ್ನವಾದ ನಾಲ್ಕೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ನಮ್ಮ ಮನೆಗೆ ಬಂದವಳು ಅವಳು. ಮೂವತ್ತು ವರ್ಷ ಓಣಿಯವರ ರವಿಕೆ ಹೊಲಿದಳು. ಓದಿದ್ದು ಏಳನೆಯ ಇಯತ್ತೆ. ಮಧ್ಯಾಹ್ನ ನನಗೆ ಬುತ್ತಿ ತಂದಾಗ ಅಂಗಡಿಯಲ್ಲಿ ಕೂತು, ನಕಲಿಗೆ ಬಂದ ಕಾಗದಗಳನ್ನು ಒಂದೊಂದೇ ಓದುವಳು. ಒಂದು ದಿನ ಅಂದಳು: "ಗುರ್ಯಾ, ಊರಾಗ ಎಲ್ಲಾರಿಗೂ ಒಂದೊಂದು ಸರ್ಟಿಫಿಕೇಟ್ ಐತಿ ನೋಡೊ. ಸಾಲ್ಯಾಗ ಓಟದಾಗ ಮೂರನೇ ನಂಬರ್ ಬಂದಾವಗೂ ಐತಿ. ನನ್ನ ಹೆಸರಿಂದು ಒಂದರ ಬ್ಯಾಡೇನು?"

ಈ ಮಾತಿನ ಹಿಂದೆಯೇ ಒಂದು ಅರ್ಜಿ ನನ್ನ ಅಂಗಡಿಗೆ ನಕಲಿಗೆ ಬಂತು. ಊರಿನ ಒಂದು ಸಣ್ಣ ಚಿತ್ರಶಾಲೆಯವರು ಎರಡು ಮೂರು ತಿಂಗಳು ಬಿಟ್ಟು ಒಂದು ಶನಿವಾರ, ಭಾನುವಾರ ಎರಡು ದಿನ ಶಿಬಿರ ಮಾಡುವವರಿದ್ದರು. ವಯಸ್ಸಿನ ಮಿತಿ ಇಲ್ಲ, ಕಡೆಗೆ ಪ್ರಮಾಣಪತ್ರ ಕೊಡಲಾಗುವುದು ಎಂದು ಕೆಳಗೆ ದಪ್ಪ ಅಕ್ಷರದಲ್ಲಿತ್ತು. ಐವತ್ತು ಪ್ರತಿ ಕೇಳಿದ್ದರು, ಐವತ್ತೊಂದು ತೆಗೆದೆ. ಅಕ್ಕ ಅದನ್ನು ಅವತ್ತೇ ತುಂಬಿ, ತಾನೇ ನಡೆದು ಹೋಗಿ ಕೊಟ್ಟು ಬಂದಳು. ಬರುವಾಗ ಹೊಸ ಬಣ್ಣದ ಡಬ್ಬಿಯನ್ನೂ ತಂದಳು. ಆ ಡಬ್ಬಿಯ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ಅವಳು ಬಿಚ್ಚಲಿಲ್ಲ. ಮೂರು ದಿನದ ಜ್ವರ ನೆಪವಾಯಿತು, ಅಕ್ಕ ಹೋದಳು.

ನಾನು ಮಾತಿನ ಮನುಷ್ಯನಲ್ಲ. ಸುದ್ದಿಯನ್ನು ಎಲ್ಲರಿಗೂ ಫೋನ್ ಮಾಡಿ ಹೇಳಿದವಳು ನನ್ನ ಹೆಂಡತಿ ಸುಶೀಲಾ. ಬಂದವರ ಮುಂದೆ ಅತ್ತವಳೂ ಅವಳೇ. ನಾನು ಕುರ್ಚಿ ತಂದು ಹಾಕುವುದು, ಕುರ್ಚಿ ಎತ್ತಿಡುವುದು ಮಾಡಿದೆ. "ಗುರುನಾಥನ ಕಣ್ಣಾಗ ಒಂದು ಹನಿ ನೀರು ಬರಲಿಲ್ಲ ನೋಡ್ರಿ" ಎಂದು ನಮ್ಮ ದೊಡ್ಡವ್ವ ಹತ್ತು ಜನರ ಮುಂದೆ ಅಂದದ್ದು ನನಗೂ ಕೇಳಿಸಿತು. ಆಗಲೂ ನಾನು ಅವಳಿಗೆ ಒಂದು ಕುರ್ಚಿ ಕೊಟ್ಟೆ. ಎರಡು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಅಂಗಡಿಯ ಫೋನು ರಿಂಗಣಿಸಿತು. ಹೆಣ್ಣುಮಗಳ ದನಿ: "ಅನಸೂಯಾ ಅವರು ಅದಾರೇನ್ರಿ? ಈ ಶನಿವಾರ ನಮ್ಮ ಚಿತ್ರಕಲಾ ಶಿಬಿರ ಐತ್ರಿ. ಬರ್ತಾರಲ್ರಿ?" ನಾನು ಇಲ್ಲ ಎನ್ನಬೇಕಿತ್ತು. ಆದರೆ ಅಕ್ಕ ಬರುತ್ತಾಳೋ ಇಲ್ಲವೋ ಎಂದು ಎರಡು ತಿಂಗಳಿಂದ ಯಾರೂ ನನ್ನನ್ನು ಕೇಳಿರಲಿಲ್ಲ. ಅವಳು ಬರುವುದು ಇನ್ನೂ ಆಗುವ ಮಾತೇ ಎಂಬಂತೆ ಆ ಹುಡುಗಿ ಕೇಳಿದ್ದಳು. "ಬರ್ತಾರ್ರಿ" ಎಂದು ಬಿಟ್ಟೆ.

ಹೇಳಿದ ಮೇಲೆ ಯಾರಾದರೂ ಹೋಗಬೇಕಲ್ಲ. ಶನಿವಾರ ಮುಂಜಾನೆ ಅಕ್ಕನ ಬಣ್ಣದ ಡಬ್ಬಿಯನ್ನು ಕೈಚೀಲಕ್ಕೆ ಹಾಕಿಕೊಂಡು ಹೊರಟಾಗ ಸುಶೀಲಾ ಬಾಗಿಲಿಗೆ ಬಂದು ನಿಂತಳು. "ನೀವು ಚಿತ್ರಾ ಬರಿಯಾಕ ಹೊಂಟೀರಿ. ನೀವು" ಎಂದಳು. ಅದು ಪ್ರಶ್ನೆಯಾಗಿರಲಿಲ್ಲ. ಚಿತ್ರಶಾಲೆಯ ಬಾಗಿಲಲ್ಲಿ ಮೂವತ್ತರ ಆಸುಪಾಸಿನ ವಿದ್ಯಾ ಟೀಚರ್ ಎಲ್ಲರ ಎದೆಗೆ ಹೆಸರಿನ ಚೀಟಿ ಸಿಕ್ಕಿಸುತ್ತಿದ್ದರು. ಶಿಬಿರಾರ್ಥಿಗಳೆಂದರೆ ಹನ್ನೊಂದು ಕಾಲೇಜು ಹುಡುಗಿಯರು, ಮತ್ತು ನಾನು. ಅನಸೂಯಾ ಬದಲಿಗೆ ಬಂದಿದ್ದೇನೆ, ನಾನು ಅವಳ ತಮ್ಮ ಎಂದೆ. "ಅವರಿಗೆ ಆರಾಮಿಲ್ಲೇನ್ರಿ ಅಣ್ಣಾರ?" ಎಂದು ಕೇಳಿದರು. ನಾನು ತಲೆಯನ್ನು ಹೌದು, ಅಲ್ಲ ಎರಡಕ್ಕೂ ಹೊಂದುವಂತೆ ಆಡಿಸಿದೆ. ಟೀಚರ್ ಸ್ವಲ್ಪ ಯೋಚಿಸಿ, "ನೀವು ಬರ್ರಿ, ತಕರಾರಿಲ್ಲ. ಆದ್ರ ಸರ್ಟಿಫಿಕೇಟ್ ಅವರ ಹೆಸರಿಲೆ ಪ್ರಿಂಟ್ ಆಗಿಬಿಟ್ಟೈತ್ರಿ" ಎಂದು ಚೀಲದಿಂದ ಒಂದು ಕಟ್ಟು ತೆಗೆದರು. ಎಲ್ಲಕ್ಕಿಂತ ಮೇಲಿತ್ತು ಅದು. ಸುತ್ತ ಬಳ್ಳಿಯ ಅಂಚು, ನಡುವೆ ಬಂಗಾರದ ಬಣ್ಣದ ಅಕ್ಷರದಲ್ಲಿ ಶ್ರೀಮತಿ ಅನಸೂಯಾ ಎಂದು ನಮ್ಮ ಅಕ್ಕನ ಹೆಸರು. ಹಾವೇರಿ, ಮೇಡ್ಲೇರಿ, ಬ್ಯಾಡಗಿ ಎಂದು ಮೂರು ಊರಿನಲ್ಲಿ ಒಂದೊಂದು ಕೈಕೆಲಸ ಮಾಡಿ, ಭಾನುವಾರ ಸಂಜೆ ಒಂದು ಚಿತ್ರವನ್ನು ಹಗ್ಗಕ್ಕೆ ತೂಗುಹಾಕಿದವರಿಗೆ ಅದು ಸಿಗುತ್ತದೆ. ಬರೀ ಬಂದು ಕೂತವರಿಗಿಲ್ಲ. ನನ್ನ ಎದೆಗೆ ಅನಸೂಯಾ ಎಂಬ ಚೀಟಿ ಸಿಕ್ಕಿಸಿಕೊಂಡು ಆ ಕ್ಷಣವೇ ನಿಶ್ಚಯ ಮಾಡಿದೆ. ಈ ಕಾಗದವನ್ನು ಅಕ್ಕನಿಗೆ ಗಳಿಸಿಕೊಟ್ಟೇ ಮನೆಗೆ ಹೋಗುವುದು. ಅದಕ್ಕೆ ನಾನು ಚಿತ್ರ ಬರೆಯಬೇಕಾದರೆ ಬರೆಯುವುದು.

"ಕಾಕಾ, ನಿಮ್ಮ ಹೆಸರು ಅನಸೂಯಾ ಏನ್ರಿ?" ಎಂದು ಸಹನಾ ಎಂಬ ಹುಡುಗಿ ಕೇಳಿದಳು. ಜಡೆ ಗಿಡ್ಡ, ಬಾಯಿ ಉದ್ದ.

"ಎರಡು ದಿನದ ಮಟ್ಟಿಗೆ ಹೌದವ್ವಾ" ಎಂದೆ.

ಅಲ್ಲಿಂದ ಮುಂದೆ ಹನ್ನೊಂದೂ ಹುಡುಗಿಯರಿಗೆ ನಾನು ಅನಸೂಯಾ ಕಾಕಾ ಆದೆ. "ಅನಸೂಯಾ ಕಾಕಾ, ಸರೀರಿ", "ಅನಸೂಯಾ ಕಾಕಾ, ಚಾ ಕುಡೀರಿ". ಮೊದಲು ಎರಡು ಸಲ ಕಿವಿ ಬಿಸಿಯಾಯಿತು. ಮೂರನೆಯ ಸಲಕ್ಕೆ ಓ ಎಂದೆ. ಮನೆಯಲ್ಲಿ ಆ ಹೆಸರನ್ನು ಎತ್ತಿದರೆ ಎಲ್ಲರ ದನಿ ಇಳಿಯುತ್ತಿತ್ತು. ಇಲ್ಲಿ ದಿನಕ್ಕೆ ನೂರು ಸಲ ಕೂಗುತ್ತ ನಗುತ್ತಿದ್ದರು. ನನಗೆ ಅದು ಬೇಡವೆನಿಸಲಿಲ್ಲ.

ಮೊದಲ ಕೆಲಸ ಹಾವೇರಿಯಲ್ಲೇ, ಏಲಕ್ಕಿ ಹಾರ ಕಟ್ಟುವುದು. ಈ ಊರಿನಲ್ಲಿ ಹುಟ್ಟಿ ಐವತ್ತೆರಡು ವರ್ಷವಾದರೂ ನಾನು ಏಲಕ್ಕಿ ಹಾರವನ್ನು ದೂರದಿಂದ ನೋಡಿದವನೇ. ಸಭೆಗಳಲ್ಲಿ ಅದು ಯಾವಾಗಲೂ ಬೇರೆಯವರ ಕುತ್ತಿಗೆಗೆ ಹೋಗುತ್ತದೆ. ಹಾರ ಕಟ್ಟುವ ರಫೀಕಣ್ಣ ತಲೆ ನೆರೆತ ಮನುಷ್ಯ. ಚಾಪೆಯ ಮೇಲೆ ಏಲಕ್ಕಿಯನ್ನು ದಪ್ಪ, ನಡು, ಸಣ್ಣ ಎಂದು ಮೂರು ರಾಶಿ ಮಾಡಿಕೊಂಡು ಕುಳಿತಿದ್ದ. ಒಂದೊಂದೇ ಕಾಯಿಯನ್ನು ಸೂಜಿಯಿಂದ ಪೋಣಿಸಿ, ನಡುನಡುವೆ ಜರಿ, ಮಣಿ, ಉಣ್ಣೆಯ ಹೂ ಸೇರಿಸಿ ಎಳೆ ಮಾಡಬೇಕು. ಕಾಯಿ ಒಡೆಯಬಾರದು, ಬೀಜ ಉದುರಬಾರದು. ನಾನು ಒಡೆದ ಕಾಯಿಗಳನ್ನು ಯಾರಿಗೂ ಕಾಣದಂತೆ ಬಾಯಿಗೆ ಹಾಕಿಕೊಂಡೆ. ಅರ್ಧ ತಾಸಿನಲ್ಲಿ ನನ್ನ ಉಸಿರಿಗೆ ಮದುವೆ ಮನೆಯ ಪಾಯಸದ ವಾಸನೆ ಬಂತು. ರಫೀಕಣ್ಣ ತಲೆ ಎತ್ತದೆ, "ಅಣ್ಣಾರ, ಹಾರ ಕೈಯಾಗ ಕಟ್ಟೂದ್ರಿ, ಬಾಯಾಗಲ್ಲ" ಎಂದ. ಹುಡುಗಿಯರು ಬಿದ್ದು ಬಿದ್ದು ನಕ್ಕರು.

ಆಮೇಲೆ ಅವನು ಒಬ್ಬೊಬ್ಬರ ಹತ್ತಿರ ಬಂದು, ಇದು ಯಾರಿಗೆ ಹಾಕುವ ಹಾರ ಎಂದು ಕೇಳುತ್ತ ಬಂದ. ಕುತ್ತಿಗೆ ನೋಡಿ ಉದ್ದ ಹಿಡಿಯಬೇಕಂತೆ. ಸಹನಾ, "ನನಗ ಹಾಕ್ಕೊಳ್ಳಾಕ್ರಿ, ಮತ್ತ ಯಾರು ಹಾಕ್ತಾರ" ಎಂದಳು. ನನ್ನ ಹತ್ತಿರ ಬಂದಾಗ ನಾನು, "ಫೋಟೋಕ್ರಿ" ಎಂದೆ. "ಎಷ್ಟ ದೊಡ್ಡದೈತಿ?" ಎಂದ. ನಾನು ಎರಡೂ ಕೈಯಿಂದ ಗಾಳಿಯಲ್ಲಿ ಒಂದು ಚೌಕಟ್ಟು ತೋರಿಸಿದೆ. ರಫೀಕಣ್ಣ ನನ್ನ ಎದೆಯ ಚೀಟಿಯನ್ನೊಮ್ಮೆ ನೋಡಿದ, ನನ್ನ ಮುಖವನ್ನೊಮ್ಮೆ ನೋಡಿದ. ದಪ್ಪ ಕಾಯಿಯ ರಾಶಿಯನ್ನು ನನ್ನ ಕಡೆಗೆ ಸರಿಸಿ, ನಾನು ಪೋಣಿಸಿದ್ದನ್ನು ಬಿಚ್ಚಿ, ಮೊದಲ ನಾಲ್ಕು ಕಾಯಿಗಳನ್ನು ತಾನೇ ಪೋಣಿಸಿ ಕೊಟ್ಟು ಮುಂದೆ ಹೋದ. ಆ ಹಾರ ಈಗ ಅಕ್ಕನ ಫೋಟೋದ ಮೇಲಿದೆ. ಎಡಗಡೆಯ ಮೊದಲ ನಾಲ್ಕು ಕಾಯಿ ನೆಟ್ಟಗಿವೆ. ಉಳಿದವು ಬಸ್ಸಿನ ಬಾಗಿಲಲ್ಲಿ ನೂಕಾಡುವ ಮಂದಿಯಂತಿವೆ.

ಮಧ್ಯಾಹ್ನ ಟೆಂಪೊದಲ್ಲಿ ರಾಣೇಬೆನ್ನೂರಿಗೆ ಹೋಗಿ, ಅಲ್ಲಿ ಗಿರಮಿಟ್ಟು, ಮಿರ್ಚಿ ತಿಂದು, ತುಂಗಭದ್ರೆಯ ಕಡೆಗಿರುವ ಮೇಡ್ಲೇರಿಗೆ ತಲುಪಿದೆವು. ಅಲ್ಲಿ ಕಂಬಳಿ ನೇಯುವ ಹನುಮಂತಪ್ಪಜ್ಜ ನಮ್ಮ ದಾರಿ ಕಾಯುತ್ತಿರಲಿಲ್ಲ. ತನ್ನ ಪಾಡಿಗೆ ತಾನು ನೇಯುತ್ತಿದ್ದ. ನೆಲದಲ್ಲಿ ತೋಡಿದ ಕುಣಿ, ಅದರಲ್ಲಿ ಇಳಿಬಿಟ್ಟ ಕಾಲು ಮಣೆ ತುಳಿಯುತ್ತದೆ, ಮೇಲೆ ಕೈ ಲಾಳಿ ಎಸೆಯುತ್ತದೆ. ನೂಲಿಗೆ ಹಚ್ಚಿದ ಹುಣಸೆ ಬೀಜದ ಗಂಜಿಯ ವಾಸನೆ ಮನೆಯೆಲ್ಲ ತುಂಬಿತ್ತು. ಒಬ್ಬೊಬ್ಬರೇ ಕುಣಿಗಿಳಿದು ಎರಡು ಬೆರಳಗಲ ನೇಯಬೇಕೆಂದು ಟೀಚರ್ ಹೇಳಿದರು. ನಾನು ಇಳಿದದ್ದು ಚೆನ್ನಾಗಿಯೇ ಇಳಿದೆ. ಕಾಲು ತುಳಿದಾಗ ಕೈ ಮರೆಯುತ್ತಿತ್ತು, ಕೈ ಎಸೆದಾಗ ಕಾಲು ಮರೆಯುತ್ತಿತ್ತು. ಲಾಳಿ ಎರಡು ಸಲ ಹೊರಗೆ ಹಾರಿ ಸಹನಾಳ ಮಡಿಲಿಗೆ ಬಿತ್ತು. ಕೆಲಸ ಮುಗಿಸಿ ಏಳಲು ಹೋದರೆ ಮೊಳಕಾಲು ಏಳಲಿಲ್ಲ. ಇಬ್ಬರು ಹುಡುಗಿಯರು ಒಂದೊಂದು ರಟ್ಟೆ ಹಿಡಿದು, "ಅನಸೂಯಾ ಕಾಕಾ, ಒಂದು, ಎರಡು, ಮೂರು" ಎಂದು ಬಾವಿಯಿಂದ ಕೊಡ ಎತ್ತಿದ ಹಾಗೆ ಎತ್ತಿದರು.

ಅಜ್ಜ ನಾನು ನೇಯ್ದದ್ದನ್ನು ಬೆರಳಿನಿಂದ ಸವರಿ ನೋಡಿ ಬಿಚ್ಚತೊಡಗಿದ. ನನಗೆ ಬೇಜಾರಾಯಿತು. "ಇರಲಿ ಬಿಡ್ರಿ ಅಜ್ಜಾರ, ನೆನಪಿಗೆ" ಎಂದೆ.

"ನೀ ನೇಯ್ದಿದ್ದು ಹತ್ತು ನಿಮಿಷ. ಬಿಚ್ಚಾಕ ನನಗ ಅರ್ಧಾ ತಾಸು ಬೇಕು" ಎಂದ ಅಜ್ಜ. "ಬಿಚ್ಚದಿದ್ರ ಹೆಂಗ? ಕೊಂಡಾಂವ ನಿನ್ನ ಹುಡಿಕ್ಕೊಂಡು ಹಾವೇರಿಗೆ ಬರ್ತಾನೇನು? ಹನುಮಂತಪ್ಪಗ ಕಣ್ಣ ಹೋದುವು ಅಂತಾನ."

ಇವನನ್ನೇ ಚಿತ್ರ ಬರೆಯಬೇಕೆಂದು ನನಗೆ ಅಲ್ಲಿಯೇ ಅನಿಸಿತು. ಡಬ್ಬಿಯ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ಬಿಚ್ಚುವ ಮೊದಲು ಎರಡು ಸಲ ಸುತ್ತ ಮುತ್ತ ನೋಡಿದೆ, ಯಾರಾದರೂ ಬೈಯುತ್ತಾರೋ ಎಂಬಂತೆ. ಯಾರೂ ಬೈಯಲಿಲ್ಲ, ಬಿಚ್ಚಿದೆ. ಮೂಲೆಯಲ್ಲಿ ಹಲಗೆ ಹಿಡಿದು ಕುಳಿತೆ. ಅಜ್ಜನ ಎಡಗೈ ಬರೆಯುವಷ್ಟರಲ್ಲಿ ಅದು ಬಲಗಡೆಗೆ ಹೋಗಿರುತ್ತಿತ್ತು. "ಅಜ್ಜಾರ, ಒಂದೀಟ ಅಲುಗಾಡಬ್ಯಾಡ್ರಿ" ಎಂದು ಬೇಡಿದೆ. "ನಾ ಸುಮ್ನ ಕುಂತ್ರ ಕಂಬಳಿ ಯಾರು ನೇಯಬೇಕೊ ತಮ್ಮಾ? ನಿನ್ನ ಚಿತ್ರದಾಗಿನಾಂವ ನೇಯ್ತಾನೇನು?" ಎಂದ. ಅವನು ಹೇಳಿದ್ದೂ ನ್ಯಾಯವೇ. ಹಾಗಾಗಿ ನಾನು ಕೈ ಎಲ್ಲೆಲ್ಲಿ ಕಂಡಿತೋ ಅಲ್ಲಲ್ಲಿ ಬರೆದೆ. ಸಂಜೆಗೆ ನೋಡಿದರೆ ಹನುಮಂತಪ್ಪಜ್ಜನಿಗೆ ಮೂರು ಕೈ ಆಗಿದ್ದವು. ಒಂದನ್ನು ಅಳಿಸಬೇಕೆಂದರೆ, ಯಾವುದು ನಿಜವಾದ ಕೈಯೆಂದು ನನಗೇ ತಿಳಿಯಲಿಲ್ಲ. ಅವನನ್ನೇ ನೋಡಿ ತಿಳಿಯೋಣವೆಂದರೆ ಆಗ ಅಜ್ಜ ಊಟಕ್ಕೆ ಎದ್ದಿದ್ದ, ಊಟ ಮಾಡುವ ಕೈ ಬೇರೆಯೇ ಥರ ಕಾಣುತ್ತಿತ್ತು. ಇರಲಿ ಎಂದು ಮೂರನ್ನೂ ಬಿಟ್ಟೆ. ವಿದ್ಯಾ ಟೀಚರ್ ನೋಡಿ, "ಬಹಳ ಚಲನಶೀಲ ಐತ್ರಿ" ಎಂದರು. ನನ್ನ ಬಾಳಿನಲ್ಲಿ ಇದು ಎರಡನೆಯ ಒಳ್ಳೆಯ ಮನುಷ್ಯರ ಮಾತು.

ಭಾನುವಾರ ಬ್ಯಾಡಗಿ. ಮೆಣಸಿನಕಾಯಿ ವ್ಯಾಪಾರದ ಮನೆತನದ ನೀಲಮ್ಮನವರ ದೊಡ್ಡ ಅಂಗಳ. ಈ ಅಂಗಳ ನನಗೆ ಗೊತ್ತಿತ್ತು. ಎಂಟು ವರ್ಷದ ಹಿಂದೆ ನೀಲಮ್ಮನವರ ಮಗಳ ಮದುವೆಗೆ ಇದೇ ಅಂಗಳದ ತುಂಬ ರಂಗೋಲಿ ಹಾಕಿದವಳು ಅನಸಕ್ಕ. ನಾನು ಅವಳ ಹಿಂದೆ ಬಣ್ಣದ ಪುಡಿಯ ಬಟ್ಟಲು ಹಿಡಿದುಕೊಂಡು ಮಂಡಿಯೂರಿ ಸರಿದಿದ್ದೆ. ಗಂಡಿನ ಕಡೆಯವರು ತುಳಿಯಲು ಮನಸ್ಸಾಗದೆ ಗೋಡೆಗೆ ಬೆನ್ನು ಹಚ್ಚಿಕೊಂಡು ಸುತ್ತು ಹಾಕಿ ಒಳಗೆ ಹೋದದ್ದನ್ನು ನೀಲಮ್ಮ ಈಗಲೂ ಹೇಳುತ್ತಾರೆ. ಈಗ ಅದೇ ಅಂಗಳದಲ್ಲಿ ಕೆಂಪು ಕಾಯಿಯ ರಾಶಿ. ನಮ್ಮ ಮೂರನೆಯ ಕೆಲಸ ಕಾಯಿಯ ತೊಟ್ಟು, ಇಲ್ಲಿಯವರು ತುಂಬು ಎನ್ನುತ್ತಾರೆ, ಅದನ್ನು ಬಿಡಿಸುವುದು. ಬಿಡಿಸಿದ ಕಾಯಿಯನ್ನು ಅರೆದು ಎಣ್ಣೆಯಲ್ಲಿ ಹಾಕಿ ಕೆಂಪು ಬಣ್ಣ ತೆಗೆಯುವುದನ್ನು ಟೀಚರ್ ತೋರಿಸುವವರಿದ್ದರು.

ಇಲ್ಲಿ ನಾನೊಂದು ತಪ್ಪು ಮಾಡಿದೆ. ಅದು ಹಾವೇರಿ ಜಿಲ್ಲೆಯವನು ಮಾತ್ರ ಮಾಡಬಹುದಾದ ತಪ್ಪು. ಹೊರಗಿನವರಾದರೆ ಮೆಣಸಿನಕಾಯಿಗೆ ಹೆದರುತ್ತಾರೆ. ನಾವು ಹೆದರುವುದಿಲ್ಲ, ನಮ್ಮದು ಬ್ಯಾಡಗಿ ಕಾಯಿ ಎಂಬ ಜಂಬ. ಸಹನಾ ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಳ್ಳುತ್ತಿದ್ದಳು. ನಾನು ನಕ್ಕು, "ಅವ್ವಾ, ಬ್ಯಾಡಗಿ ಕಾಯಿ ಬಣ್ಣಕ್ಕ, ಖಾರಕ್ಕಲ್ಲ. ಇದನ್ನ ಕೂಸಿನ ಕೈಯಾಗ ಕೊಟ್ರೂ ಆಡತೈತಿ" ಎಂದೆ. ಎರಡು ತಾಸು ಬರಿಗೈಯಲ್ಲಿ ತುಂಬು ಬಿಡಿಸಿದೆ. ಅಷ್ಟರಲ್ಲಿ ನೀಲಮ್ಮ ನನ್ನ ಗುರುತು ಹಿಡಿದರು. ನೆಟ್ಟಗೆ ಬಂದು ಎದುರಿಗೆ ಕುಳಿತು, "ನೀ ಅನಸಕ್ಕನ ತಮ್ಮ ಅಲ್ಲೇನೊ? ಬಟ್ಟಲಾ ಹಿಡಕೊಂಡು ಬಂದಿದ್ದಾಂವ? ಅಕ್ಕ ಆರಾಮ ಅದಾಳೇನು?" ಎಂದರು.

ನಾನು ಕೈಯಿಂದ ಕಣ್ಣು, ಮುಖ ಒರೆಸಿಕೊಂಡೆ.

ಖಾರ ಕಡಿಮೆ ಎಂದರೆ ಇಲ್ಲವೆಂದು ಅರ್ಥವಲ್ಲ ಎಂಬುದು ಆಗ ತಿಳಿಯಿತು. ಎರಡೂ ಕಣ್ಣು ಒಟ್ಟಿಗೆ ಹೊತ್ತಿಕೊಂಡವು. ನಾನು ಅಂಗಳದ ನಡುವೆ ಎದ್ದು ನಿಂತು ಕುಣಿದೆ. ನೀಲಮ್ಮ ನನ್ನನ್ನು ಹಿಡಿದು ಕೂರಿಸಿ, ಸೆರಗಿನ ತುದಿಯನ್ನು ಮುದ್ದೆ ಮಾಡಿ ಬಾಯಿಂದ ಊದಿ ಊದಿ ಬಿಸಿ ಮಾಡಿ ಕಣ್ಣಿಗೆ ಒತ್ತಿದರು. "ಇಷ್ಟ ವಯಸ್ಸಾಗೇತಿ, ಮೆಣಸಿನಕಾಯಿ ಮುಟ್ಟಿ ಕಣ್ಣು ತಿಕ್ಕೋಬಾರದು ಅಂತ ತಿಳಿಯೂದಿಲ್ಲೇನೊ? ಅಕ್ಕ ಕಲಿಸಲಿಲ್ಲೇನು ನಿನಗ?" ಎಂದು ಬೈದರು. ನೀರು ನಿಲ್ಲದೆ ಹರಿಯಿತು. ದೊಡ್ಡವ್ವ ಅಲ್ಲಿದ್ದರೆ ತಾನು ಆಡಿದ ಮಾತನ್ನು ವಾಪಸ್ಸು ತೆಗೆದುಕೊಳ್ಳುತ್ತಿದ್ದಳು. ಕಣ್ಣು ತಂಪಾದ ಮೇಲೂ ಸ್ವಲ್ಪ ಹೊತ್ತು ಹರಿಯಿತು. ಅದನ್ನೂ ಕಾಯಿಯ ಲೆಕ್ಕಕ್ಕೇ ಹಾಕಿದೆ. ಒಟ್ಟಿನಲ್ಲಿ ನೀಲಮ್ಮನ ಪ್ರಶ್ನೆಗೆ ಉತ್ತರ ಕೊಡುವ ಪ್ರಸಂಗ ತಪ್ಪಿತು. ಕಣ್ಣು ಬಿಡಲು ಬಂದಾಗ, ಕಂಬಳಿ ಕಪ್ಪಗಿರುತ್ತದೆ ಎಂಬುದನ್ನು ಮರೆತು ಚಿತ್ರದ ಕಂಬಳಿಗೆ ಮೆಣಸಿನಕಾಯಿಯ ಕೆಂಪೆಣ್ಣೆ ಬಳಿದೆ.

ಸಂಜೆ ಅದೇ ಮನೆಯ ಕಟ್ಟೆಯ ಎರಡು ಕಂಬಗಳ ನಡುವೆ ಹಗ್ಗ ಕಟ್ಟಿ, ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ಹನ್ನೆರಡು ಚಿತ್ರ ತೂಗುಹಾಕಿದೆವು. ಪ್ರತಿ ಚಿತ್ರದ ಕೆಳಗೆ ಬರೆದವರ ಹೆಸರು. ನನ್ನದು ಎಲ್ಲಕ್ಕಿಂತ ಕೊನೆಗೆ, ಕೆಳಗೆ ದೊಡ್ಡದಾಗಿ ಅನಸೂಯಾ ಎಂದು ನಾನೇ ಬರೆದೆ. ಮೂರು ಊರಿನ ಕೆಲಸವಾಯಿತು, ಚಿತ್ರವೂ ಏರಿತು. ಇನ್ನು ಅರ್ಧ ತಾಸಿನಲ್ಲಿ ಬಂಗಾರದ ಅಕ್ಷರದ ಕಾಗದ ನನ್ನ ಕೈಗೆ ಬರಬೇಕು. ಓಣಿಯ ಹೆಂಗಸರು ಬಂದು ನೋಡತೊಡಗಿದರು. ನನ್ನ ಚಿತ್ರದ ಮುಂದೆ ಬಂದವರು ಮೊದಲು ಸೀನುತ್ತಿದ್ದರು, ಆಮೇಲೆ ಕೈ ಎಣಿಸುತ್ತಿದ್ದರು. ನಾನು ಕಂಬದ ಮರೆಯಲ್ಲಿ ನಿಂತಿದ್ದೆ.

ನೀಲಮ್ಮ ಕೊನೆಗೆ ಬಂದರು. ಕೆಳಗಿನ ಹೆಸರು ಓದಿದರು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡು ಓದಿದರು. ಅವರು ನಗಲಿಲ್ಲ, ಅಕ್ಕ ಬರೆದು ನನ್ನ ಕೈಯಲ್ಲಿ ಕಳಿಸಿದ್ದೆಂದೇ ತಿಳಿದರು. ಪಕ್ಕದಲ್ಲಿದ್ದ ಹೆಂಗಸಿಗೆ ಬಹಳ ಮೆಲ್ಲಗೆ, "ನಮ್ಮ ಮಗಳ ಮದಿವ್ಯಾಗ ಅಂಗಳಾ ತುಂಬಿದಾಕಿ ಈಕೀನ. ಏನಾತವ್ವಾ ಆಕೀ ಕೈಗೆ? ಲಕ್ವಾ ಏನರೆ ಹೊಡದೈತೇನು ಪಾಪ" ಎಂದರು.

ಅಷ್ಟು ಚೆಂದದ ಕೈ. ಮೂವತ್ತು ವರ್ಷ ಸೂಜಿ ಹಿಡಿದರೂ ನಡುಗದ ಕೈ. ಅದಕ್ಕೆ ಸತ್ತ ಮೇಲೆ ಲಕ್ವ ಹೊಡೆಸಿದವನು ನಾನು. ಕಂಬದ ಮರೆಯಿಂದ ಹೊರಗೆ ಬಂದೆ.

"ಆಕೀ ಕೈಗೆ ಏನೂ ಆಗಿಲ್ರಿ ನೀಲಮ್ಮಾರ. ಆಕೀ ಹೋದಳ್ರಿ. ಎರಡು ತಿಂಗಳಾತು. ಇದನ್ನ ಬರದಾಂವ ನಾನ್ರಿ."

ಬಾಯಿಬಿಟ್ಟು ಯಾರಿಗಾದರೂ ಈ ಮಾತು ಹೇಳಿದ್ದು ಅದೇ ಮೊದಲು. ಸಹನಾ ನನ್ನ ಎದೆಯ ಚೀಟಿ ನೋಡಿ ಬಾಯಿಗೆ ಕೈ ಇಟ್ಟುಕೊಂಡಳು. ನೀಲಮ್ಮ ಕಟ್ಟೆಯ ಮೇಲೆ ಕುಳಿತುಬಿಟ್ಟರು. ಕನ್ನಡಕವನ್ನು ಮತ್ತೆ ತೆಗೆದರು, ಈ ಸಲ ಒರೆಸಿದ್ದು ಕನ್ನಡಕವನ್ನಲ್ಲ. ಮೂಗು ಒರೆಸಿಕೊಂಡು, "ಹಂಗಾರ ಆ ಹೆಸರು ಯಾಕ ಬರದಿ ಅದರಾಗ? ಆಕೀನ ಮಾನಾ ತಗೀತೀಯೇನು? ತಗಿ ಮೊದಲ" ಎಂದರು.

ರಬ್ಬರು, ಪೆನ್ಸಿಲ್ ತಂದು ಅಕ್ಕನ ಹೆಸರನ್ನು ಅಳಿಸಿದೆ. ಎಣ್ಣೆ ತಾಗಿದ್ದರಿಂದ ಅಲ್ಲಿ ಒಂದು ಕೆಂಪು ಕಲೆ ಉಳಿಯಿತು. ಅದರ ಮೇಲೆಯೇ ಗುರುನಾಥ ಎಂದು ಬರೆದೆ. ನೀಲಮ್ಮ ತಲೆ ಓರೆ ಮಾಡಿ ಮತ್ತೆ ನೋಡಿದರು. "ಹಾಂ, ನೀ ಬರದಿದ್ದು ಅಂದ್ರ ತಕ್ಕಮಟ್ಟಿಗೆ ಚಲೋ ಐತಿ. ಮನಷ್ಯಾ ಅಂತ ಗುರ್ತಾದರ ಸಿಗತೈತಿ" ಎಂದರು. ಚಿತ್ರದಲ್ಲಿ ಒಂದು ಗೆರೆಯೂ ಬದಲಾಗಿರಲಿಲ್ಲ.

ವಿದ್ಯಾ ಟೀಚರ್ ನನ್ನನ್ನು ಪಕ್ಕಕ್ಕೆ ಕರೆದರು. "ನಿನ್ನೆನ ಹೇಳಿದ್ರ ಆಗ್ತಿತ್ತಲ್ರಿ ಅಣ್ಣಾರ" ಎಂದರು. "ಹೇಳಾಕ ಬರಲಿಲ್ರಿ ಟೀಚರ್ರ" ಎಂದೆ. ಅವರು ಚೀಲದಿಂದ ಆ ಕಾಗದ ತೆಗೆದು ಚಾಚಿದರು. "ನೀವು ಎಲ್ಲಾ ಕೆಲಸ ಮಾಡೀರಿ. ಅಕ್ಕಾರ ಹೆಸರಿಂದು ಒಯ್ಯಿರಿ, ಮನ್ಯಾಗ ಇರಲಿ. ಯಾರೂ ಕೇಳೂದಿಲ್ಲ." ನಾನು ಎರಡು ದಿನ ಬೇಡಿಕೊಂಡದ್ದು ಕೈಯಳತೆಯಲ್ಲಿತ್ತು. ಹೆಸರಿನ ಕೆಳಗಿನ ಸಾಲನ್ನು ಆಗ ಓದಿದೆ. ಇವರು ತಮ್ಮ ಕೈಯಾರೆ ಚಿತ್ರ ರಚಿಸಿ ಶಿಬಿರವನ್ನು ಪೂರೈಸಿರುತ್ತಾರೆ, ಎಂದಿತ್ತು. ಹಗ್ಗದ ಮೇಲಿನ ಮೂರು ಕೈಯ ಮನುಷ್ಯನನ್ನು ನೋಡಿದೆ.

"ಬ್ಯಾಡ್ರಿ ಟೀಚರ್ರ" ಎಂದೆ. "ಆಕೀ ಕೈಯಾರೆ ಬರದದ್ದು ನಮ್ಮ ಮನ್ಯಾಗ ರಗಡ ಐತ್ರಿ. ಇದಕ್ಕ ಆಕೀ ಹೆಸರು ಬ್ಯಾಡ."

ಟೀಚರ್ ಅದನ್ನು ಮಡಿಕೆಯಾಗದಂತೆ ಒಳಗಿಟ್ಟರು. ಆದರೆ ನನ್ನನ್ನು ಬರಿಗೈಯಲ್ಲಿ ಕಳಿಸಲು ಅವರಿಗೆ ಮನಸ್ಸಾಗಲಿಲ್ಲ. ನನ್ನ ಹೆಸರಿನದು ಪ್ರಿಂಟ್ ಆಗಿರಲಿಲ್ಲವಲ್ಲ, ಒಂದು ಬಿಳಿ ಹಾಳೆ ತೆಗೆದುಕೊಂಡು ಕೈಯಲ್ಲೇ ಬರೆದರು: ಶ್ರೀ ಗುರುನಾಥ ಇವರು ಎರಡು ದಿನ ಶಿಬಿರಕ್ಕೆ ಹಾಜರಿದ್ದರು. ಇನ್ನೂ ಏನೋ ಬರೆಯಲು ಹೊರಟು ತಲೆ ಎತ್ತಿ ನನ್ನ ಚಿತ್ರವನ್ನು ನೋಡಿದರು. ಪೆನ್ನಿನ ಮುಚ್ಚಳ ಹಾಕಿ, ಆಮೇಲೆ ಸಹಿ ಮಾಡಬೇಕೆಂದು ನೆನಪಾಗಿ ಮತ್ತೆ ತೆಗೆದರು.

"ಚಿತ್ರದ ಬಗ್ಗೆ ಏನೂ ಬರದಿಲ್ಲಲ್ರಿ?" ಎಂದು ಸುಶೀಲಾ ಅವತ್ತು ಓದಿ ಕೇಳಿದಳು. "ಟೀಚರ್ ಸುಳ್ಳು ಬರಿಯೂ ಪೈಕಿ ಅಲ್ಲ" ಎಂದೆ. ಎರಡು ತಿಂಗಳ ಮೇಲೆ ಅವಳು ನಕ್ಕದ್ದು ಅಂದೇ.

ಆ ಕಾಗದ ಈಗ ಅಂಗಡಿಯಲ್ಲಿ ಮಷೀನಿನ ಮೇಲಿನ ಗೋಡೆಗಿದೆ. ನಕಲಿಗೆ ಬಂದವರು ಓದಿ, ಯಾವ ಶಿಬಿರ, ಏನು ಕಥೆ ಎಂದು ಸುಮ್ಮನೆ ಮಾತಿಗೆ ಕೇಳುತ್ತಾರೆ. ನಾನು ಶಿಬಿರದಿಂದ ಶುರು ಮಾಡುತ್ತೇನೆ, ಅನಸಕ್ಕನ ಹತ್ತಿರ ಹೋಗುತ್ತೇನೆ, ನವಿಲು, ಜೋಡೆತ್ತು, ತೊಟ್ಟಿಲ ಕೂಸು ಎಂದು ಮನೆಯಿಂದ ತಂದು ಕಪಾಟಿನಲ್ಲಿಟ್ಟ ಹಾಳೆಗಳನ್ನು ಒಂದೊಂದೇ ತೆಗೆದು ತೋರಿಸುತ್ತೇನೆ. ಮೊದಲು ಮಾತು ಹೊರಡುತ್ತಿರಲಿಲ್ಲ, ಈಗ ನಿಲ್ಲಿಸುವುದು ತಿಳಿಯುತ್ತಿಲ್ಲ. ಮೊನ್ನೆ ಒಬ್ಬ ರೈತರು ಮುಕ್ಕಾಲು ತಾಸು ನಿಂತು, ಎಲ್ಲ ನೋಡಿ, ಅಕ್ಕನ ಬಗ್ಗೆ ಒಳ್ಳೆಯ ಎರಡು ಮಾತೂ ಆಡಿ, ಕಡೆಗೆ ಕೈಮುಗಿದು ಹೇಳಿದರು: "ಅಣ್ಣಾರ, ನಿಮ್ಮ ಅಕ್ಕಾರು ಭಾಳ ದೊಡ್ಡವರ್ರಿ. ಆದ್ರ ನನ್ನ ಎರಡು ಬಸ್ ಹೋದುವು, ಆ ಪಹಣಿ ನಕಲಾ ಕೊಟ್ಟಬಿಡ್ರಿ."